ಗೋರಿಗಳ ನಡುವೆ ಒಂದು ಕಪ್ ಚಹಾ: ಅಹಮದಾಬಾದಿಗೆ ಹೋಗಿಬಂದವರ ಅನುಭವಗಳು

ಕೇಳಿದವರು, ವಡೋದರಾದಿಂದ:

ನಾವು ಧಾರವಾಡದ ಕಡೆಯವರು. ಬರುವ ಜನವರಿಗೆ ನಮ್ಮ ಮದುವೆಯಾಗಿ ಒಂದು ವರ್ಷ ತುಂಬುತ್ತದೆ. ಆ ದಿನವನ್ನು ಅಹಮದಾಬಾದಿನಲ್ಲಿ ಕಳೆಯಬೇಕು, ಲಾಲ್ ದರ್ವಾಜಾದ ಬಳಿ ಗೋರಿಗಳ ಮಧ್ಯೆಯೇ ಮೇಜುಗಳನ್ನು ಹಾಕಿರುವ ಲಕ್ಕಿ ರೆಸ್ಟೋರೆಂಟಿನಲ್ಲಿ ಇಬ್ಬರೂ ಕುಳಿತು ಚಹಾ ಕುಡಿಯಬೇಕು ಎಂಬುದು ನನ್ನ ಬಹುದಿನದ ಆಸೆ. ನಮ್ಮ ಯಜಮಾನರಿಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಮಣ್ಣಿಗೆ ಹೋಗಿ ಬಂದರೆ ಸ್ನಾನ ಮಾಡದೆ ಹೊಸ್ತಿಲು ದಾಟದ ಮನೆಯಲ್ಲಿ ಬೆಳೆದವನು ಗೋರಿಯ ಪಕ್ಕದಲ್ಲಿ ಕುಳಿತು ತಿನ್ನುವುದು ಹೇಗೆ, ಅದೂ ಮದುವೆಯ ದಿನದಂದು, ಎಂದು ಕೇಳುತ್ತಾರೆ. ಜೋಡಿಯಾಗಿ ಹೋಗಿಬಂದವರು ದಯವಿಟ್ಟು ನಿಮ್ಮ ಅನುಭವವನ್ನು ತಿಳಿಸಿ. ಆ ಚಹಾ ಒಂದಕ್ಕಾಗಿ ಅಷ್ಟು ದೂರ ಹೋಗುವುದು ಸರಿಯೇ, ಉಳಿದ ದಿನವನ್ನು ಹೇಗೆ ಕಳೆಯಬಹುದು ಎಂಬುದನ್ನೂ ಹೇಳಿ.

ಅಹಮದಾಬಾದಿನಿಂದ ಒಬ್ಬರು:

ತಂಗಿ, ನಾವು ಗಂಡಹೆಂಡತಿ ಕಲಬುರಗಿಯವರು, ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ನಿಮ್ಮ ಯಜಮಾನರಿಗಿರುವ ಅಳುಕು ಮೊದಲ ಸಲ ನನಗೂ ಇತ್ತು, ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಗಿರಾಕಿಗಳನ್ನು ಸೆಳೆಯಲೆಂದು ಯಾರೋ ಗೋರಿಗಳ ಮಾದರಿಯನ್ನು ಕಟ್ಟಿ ಅಲಂಕರಿಸಿದ ಹೋಟೆಲು ಅದು ಎಂದು ಅವರು ತಿಳಿದಿದ್ದರೆ ಆ ತಪ್ಪು ಕಲ್ಪನೆಯನ್ನು ಮೊದಲು ದೂರ ಮಾಡಿ. ಅಲ್ಲಿ ಮೊದಲು ಇದ್ದದ್ದು ಕಬರಸ್ತಾನ. ಅದರ ಅಂಚಿನಲ್ಲಿ ಚಹಾದಂಗಡಿ ಹುಟ್ಟಿತು, ಬರುವವರು ಹೆಚ್ಚಿದಂತೆ ಮಾಡು ಮತ್ತು ಗೋಡೆಗಳು ಒಳಕ್ಕೆ ಒಳಕ್ಕೆ ಬೆಳೆದವು, ಆದರೆ ಒಂದು ಗೋರಿಯನ್ನೂ ಕದಲಿಸದೆ ಅವುಗಳ ನಡುವೆ ಉಳಿದ ಜಾಗದಲ್ಲಷ್ಟೇ ಮೇಜುಗಳನ್ನು ಹೊಂದಿಸಿದರು. ಇಂದಿಗೂ ಹಸಿರು ಬಣ್ಣ ಬಳಿದ ಆ ಗೋರಿಗಳು ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತಿವೆ, ಸುತ್ತಲೂ ಕಬ್ಬಿಣದ ಕಟಕಟೆಯಿದೆ. ಪ್ರತಿದಿನ ಬೆಳಿಗ್ಗೆ ಕೆಲಸದವರು ಅವುಗಳನ್ನು ಒರೆಸಿ ಹೂವಿಟ್ಟ ಮೇಲೆಯೇ ದಿನದ ವ್ಯಾಪಾರ. ಒಬ್ಬ ಸೂಫಿ ಸಂತರ ಅನುಯಾಯಿಗಳು ಅಲ್ಲಿ ಮಲಗಿದ್ದಾರೆಂಬುದು ಊರವರ ನಂಬಿಕೆ. ಅನೇಕ ದಶಕಗಳ ಕಾಲ ಹೋಟೆಲನ್ನು ನಡೆಸಿದವರಲ್ಲಿ ಕೃಷ್ಣನ್ ಕುಟ್ಟಿ ನಾಯರ್ ಎಂಬ ಮಲಯಾಳಿಯೂ ಒಬ್ಬರು ಎಂದು ತಿಳಿದಾಗ ನನಗೆ ಬಹಳ ಸಂತೋಷವಾಗಿತ್ತು. ತಮ್ಮದಲ್ಲದ ಧರ್ಮದ, ತಮಗೆ ಗುರುತೇ ಇಲ್ಲದ ಜನರ ಗೋರಿಗಳಿಗೆ ಹೂವಿಡುವ ಕೆಲಸವನ್ನು ದಿನವೂ ತಪ್ಪದೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ.

ನನ್ನ ಅಳುಕನ್ನು ಕಳೆದದ್ದು ನನ್ನ ಹೆಂಡತಿಯ ಒಂದು ಮಾತು. ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ ಗದ್ದುಗೆಗೆ ಅಡ್ಡಬಿದ್ದು, ಆಮೇಲೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಉಣ್ಣುತ್ತೀರಲ್ಲ, ಗದ್ದುಗೆ ಎಂದರೆ ಏನು ಎಂದು ಅವಳು ಕೇಳಿದಳು. ನಮ್ಮೂರಿನ ಬಂದೇನವಾಜರ ಉರುಸಿನಲ್ಲಿ ಚಿಕ್ಕಂದಿನಿಂದ ಮಿಠಾಯಿ ತಿಂದವನು ನಾನು. ಸಂತರ ಸಮಾಧಿಯೂ ಹೆಸರಿಲ್ಲದ ಸಾಮಾನ್ಯರ ಗೋರಿಯೂ ಒಂದೇ ಅಲ್ಲ ಎಂದು ನಿಮ್ಮ ಯಜಮಾನರು ವಾದಿಸಬಹುದು, ಆ ವಾದದಲ್ಲಿ ಹುರುಳಿದೆ. ಆದರೂ ಸತ್ತವರ ಸಮೀಪದಲ್ಲಿ ಉಣ್ಣುವುದು ನಮ್ಮ ಸೀಮೆಗೆ ಹೊಸದಲ್ಲ ಎಂಬುದನ್ನು ಅವರು ಒಪ್ಪಿಯಾರು.

ಬೆಳಿಗ್ಗೆ ಎಂಟರ ಸುಮಾರಿಗೆ ಹೋಗಿ. ಆ ಹೊತ್ತಿನಲ್ಲಿ ಹೂವು ಇನ್ನೂ ಬಾಡಿರುವುದಿಲ್ಲ, ಕಚೇರಿಗೆ ಹೋಗುವ ಮುನ್ನ ಪತ್ರಿಕೆ ಹಿಡಿದು ಕೂರುವ ಊರಿನವರೇ ಹೆಚ್ಚಾಗಿರುತ್ತಾರೆ. ಸಂಜೆ ಮತ್ತು ಭಾನುವಾರ ಫೋಟೋ ತೆಗೆಯುವವರ ನೂಕುನುಗ್ಗಲು. ಚಹಾ ಮತ್ತು ಮಸ್ಕಾ ಬನ್, ಇವೆರಡೇ ಸಾಕು. ಬನ್ನಿನ ಒಳಗೆ ಧಾರಾಳವಾಗಿ ಹಚ್ಚಿದ ಬೆಣ್ಣೆ, ಹಾಲು ಸಕ್ಕರೆ ಮುಂದಾದ ಗಟ್ಟಿ ಚಹಾ. ಕಟಕಟೆಯ ಮೇಲೆ ಚೀಲ ನೇತುಹಾಕಬೇಡಿ, ಅದಕ್ಕೆ ಒರಗಿ ಚಿತ್ರ ತೆಗೆಸಿಕೊಳ್ಳಬೇಡಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನೋಡುವವರಿಗೆ ನೋವಾಗುತ್ತದೆ.

ಕುಳಿತಲ್ಲಿಂದ ಗೋಡೆಯ ಕಡೆ ಕಣ್ಣು ಹಾಯಿಸಿ. ಚಿತ್ರಕಾರ ಎಂ. ಎಫ್. ಹುಸೇನರಿಗೆ ಈ ಜಾಗ ಬಹಳ ಪ್ರಿಯವಾಗಿತ್ತು, 1994ರಲ್ಲಿ ಅವರು ಪ್ರೀತಿಯಿಂದ ಕೊಟ್ಟ ಚಿತ್ರವೊಂದನ್ನು ಅಲ್ಲಿ ತೂಗುಹಾಕಿದ್ದಾರೆ. ಅದನ್ನು ನೋಡಿದವರು ಅದೇ ದಿನ ಸಂಜೆ ನದಿಯ ಆಚೆ ದಡದಲ್ಲಿರುವ 'ಅಮದಾವಾದ್ ನಿ ಗುಫಾ'ವನ್ನೂ ನೋಡಬೇಕು. ಹುಸೇನರ ಚಿತ್ರಗಳಿಗಾಗಿ ವಾಸ್ತುಶಿಲ್ಪಿ ಬಿ. ವಿ. ದೋಶಿಯವರು ನೆಲದಡಿಯಲ್ಲಿ ಕಟ್ಟಿದ ಗವಿ ಅದು. ಹೊರಗೆ ಆಮೆಯ ಬೆನ್ನುಗಳಂತೆ ಉಬ್ಬಿದ ಗುಮ್ಮಟಗಳಿಗೆ ಒಡೆದ ಪಿಂಗಾಣಿಯ ಚೂರುಗಳನ್ನು ಮೆತ್ತಿದ್ದಾರೆ, ಒಳಗೆ ಮರದ ಬೊಡ್ಡೆಗಳಂತೆ ವಕ್ರವಾಗಿ ನಿಂತ ಕಂಬಗಳ ನಡುವೆ ಗೋಡೆಯ ಮೈಮೇಲೆಯೇ ಹುಸೇನರು ಚಿತ್ರ ಬರೆದಿದ್ದಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಡಗಳನ್ನು ಕಂಡಿದ್ದರೆ ನಿಮಗೆ ದೋಶಿಯವರ ಕೈ ಪರಿಚಿತವೇ, ಅವೂ ಅವರವೇ ರಚನೆಗಳು.

ಚಹಾ ಮುಗಿಸಿ ಹೊರಬಂದ ಕೂಡಲೇ ಬೇರೆಲ್ಲಿಗೂ ಧಾವಿಸಬೇಡಿ. ಎದುರಿಗೇ ಸಿದಿ ಸಯ್ಯದ್ ಮಸೀದಿಯಿದೆ. 1573ರ ಹೊತ್ತಿಗೆ, ಗುಜರಾತಿನ ಸುಲ್ತಾನರ ಆಳ್ವಿಕೆ ಕೊನೆಗೊಂಡು ಅಕ್ಬರನ ಕೈಗೆ ರಾಜ್ಯ ಹೋಗುತ್ತಿದ್ದ ಕಾಲದಲ್ಲಿ, ಅಬಿಸೀನಿಯಾ, ಅಂದರೆ ಇಂದಿನ ಇಥಿಯೋಪಿಯಾ, ಮೂಲದ ಸಿದಿ ಸಯ್ಯದ್ ಕಟ್ಟಿಸಿದ್ದು. ಅದರ ಹಿಂಬದಿಯ ಕಮಾನು ಕಿಟಕಿಯೊಂದರಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮರದ ಕೊಂಬೆಗಳನ್ನು ಕಲ್ಲಿನಲ್ಲಿ ಜಾಲರಿಯಾಗಿ ಕೊರೆದಿದ್ದಾರೆ; ಅಹಮದಾಬಾದಿನ ಐಐಎಂ ತನ್ನ ಲಾಂಛನವನ್ನು ಪಡೆದದ್ದು ಅಲ್ಲಿಂದಲೇ. ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿರುವಾಗ ನಾವಿಬ್ಬರೂ ಅದರ ಮುಂದೆ ಮಾತಿಲ್ಲದೆ ಅರ್ಧ ಗಂಟೆ ಕುಳಿತಿದ್ದೆವು, ಇಷ್ಟು ವರ್ಷಗಳಲ್ಲಿ ಈ ಊರಿನಲ್ಲಿ ನಾವು ಕಳೆದ ಅತ್ಯಂತ ಒಳ್ಳೆಯ ಅರ್ಧ ಗಂಟೆ ಅದು.

ವಡೋದರಾದಿಂದಲೇ ಇನ್ನೊಬ್ಬರು:

ಮೇಲಿನ ಅಣ್ಣನವರು ಹೇಳಿದ್ದೆಲ್ಲ ನಿಜ, ಆದರೆ ನನ್ನ ಅನುಭವ ಬೇರೆಯಾದ್ದರಿಂದ ಅದನ್ನೂ ಸೇರಿಸುತ್ತೇನೆ. ನಾನು ನಮ್ಮವರನ್ನು ಒತ್ತಾಯಿಸಿ ಕರೆದುಕೊಂಡು ಹೋದೆ. ಅವರ ತಂದೆಯವರು ತೀರಿಕೊಂಡು ಆಗ ಇನ್ನೂ ವರ್ಷಾಂತಿಕವೂ ಆಗಿರಲಿಲ್ಲ. ಒಳಗೆ ಕುಳಿತರು, ಬನ್ನನ್ನು ಮುರಿದರು, ಆದರೆ ಬಾಯಿಗೆ ಇಡಲಾಗಲಿಲ್ಲ. ನಾನು ಚಹಾ ಅರ್ಧಕ್ಕೇ ಬಿಟ್ಟು ಅವರ ಜೊತೆ ಎದ್ದು ಬಂದೆ, ಮತ್ತು ದಿನವಿಡೀ ನನ್ನ ಹಟಕ್ಕಾಗಿ ನೊಂದುಕೊಂಡೆ. ಆ ಜಾಗದಲ್ಲಿ ಯಾವ ಕೊರತೆಯೂ ಇರಲಿಲ್ಲ, ಕರೆದೊಯ್ದ ಕಾಲ ಸರಿಯಿರಲಿಲ್ಲ, ಅಷ್ಟೇ. ನಿಮ್ಮ ಯಜಮಾನರ ಹಿಂಜರಿಕೆ ಬರಿಯ ಅಭ್ಯಾಸದ ಅಳುಕೋ ಅಥವಾ ಇತ್ತೀಚಿನ ಯಾವುದಾದರೂ ದುಃಖದ ನೆನಪೋ ಎಂಬುದನ್ನು ನೀವೇ ತಿಳಿದುಕೊಳ್ಳಿ. ಎರಡನೆಯದಾದರೆ ಈ ವರ್ಷ ಬಿಡಿ, ಲಕ್ಕಿ ಎಲ್ಲಿಗೂ ಹೋಗುವುದಿಲ್ಲ.

ಸೂರತ್ತಿನಿಂದ ಒಬ್ಬರು:

ಮದುವೆಯ ದಿನದ ಊಟಕ್ಕೆ ನಾನು ಸೂಚಿಸುವುದು ವಿಶಾಲಾ. ಅದೂ ಒಂದು ವಿಲಕ್ಷಣ ಜಾಗವೇ, ಆದರೆ ಅಲ್ಲಿ ನಿಮ್ಮ ಯಜಮಾನರಿಗೆ ಯಾವ ಅಳುಕಿಗೂ ಕಾರಣವಿರುವುದಿಲ್ಲ. ನಗರದ ಅಂಚಿನಲ್ಲಿ, ಸರ್ಖೇಜಿನ ಕಡೆಗೆ ಹೋಗುವ ರಸ್ತೆಯ ವಾಸಣಾದಲ್ಲಿ, 1978ರಲ್ಲಿ ಸುರೇಂದ್ರ ಪಟೇಲರು ಗುಜರಾತಿನ ಹಳ್ಳಿಯೊಂದನ್ನೇ ಕಟ್ಟಿ ಊಟದ ಮನೆಯನ್ನಾಗಿ ಮಾಡಿದರು. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ, ಲಾಂದ್ರದ ಬೆಳಕು, ನೆಲದ ಮೇಲೆ ಕುಳಿತು ಗಿಡ್ಡ ಮಣೆಯ ಮೇಲೆ ಎಲೆ ಹಾಕಿಸಿಕೊಂಡು ಉಣ್ಣುವ ಪದ್ಧತಿ. ಊಟಕ್ಕೆ ಮುನ್ನ ಗೊಂಬೆಯಾಟ, ಹಾಡು, ಕುಣಿತ ನಡೆಯುತ್ತಿರುತ್ತವೆ.

ಧಾರವಾಡದ ಕಡೆಯವರಿಗೆ ಅಲ್ಲಿ ಕಾದಿರುವ ಆಶ್ಚರ್ಯವೆಂದರೆ ಬಾಜ್ರಾ ರೋಟ್ಲಾ. ಅದು ನಮ್ಮ ಸಜ್ಜೆ ರೊಟ್ಟಿಯ ಅಣ್ಣ. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿ ತೆಳ್ಳಗೆ ಬಡಿಯುತ್ತೇವೆ, ಅಲ್ಲಿ ದಪ್ಪಗೆ ತಟ್ಟಿ ಬಿಸಿಬಿಸಿಯಾಗಿಯೇ ಬೆಣ್ಣೆ ಮತ್ತು ಬೆಲ್ಲದ ಜೊತೆ ಬಡಿಸುತ್ತಾರೆ. ನನ್ನ ಹೆಂಡತಿ ಮೊದಲ ತುತ್ತಿಗೇ ತನ್ನ ಅಜ್ಜಿಯನ್ನು ನೆನೆದು ಸುಮ್ಮನಾದಳು. ನೀವು ಜನವರಿಯಲ್ಲಿ ಹೋಗುತ್ತಿರುವುದು ಭಾಗ್ಯ, ಏಕೆಂದರೆ ಊಂಧಿಯುವಿಗೆ ಅದೇ ಕಾಲ. ಚಪ್ಪರದವರೆ ಜಾತಿಯ ಪಾಪ್ಡಿ, ನೇರಳೆ ಬಣ್ಣದ ಗೆಣಸು, ಎಳೆ ಬದನೆ, ಮೆಂತ್ಯದ ಉಂಡೆ ಎಲ್ಲವನ್ನೂ ಸೇರಿಸಿ ಮಾಡುವ ಪಲ್ಯ ಅದು. ಹಿಂದೆ ಮಡಕೆಯನ್ನು ಬೋರಲು ಹಾಕಿ ಮಣ್ಣಿನಲ್ಲಿ ಹೂತು ಮೇಲೆ ಬೆಂಕಿಯಿಟ್ಟು ಬೇಯಿಸುತ್ತಿದ್ದರು, ಬೋರಲು ಎಂಬ ಅರ್ಥದ ಗುಜರಾತಿ ಮಾತಿನಿಂದಲೇ ಆ ಹೆಸರು ಬಂದಿದೆ.

ಊಟಕ್ಕೆ ಕೂರುವ ಮೊದಲು ಅದೇ ಆವರಣದ 'ವೇಚಾರ್' ಪಾತ್ರೆಗಳ ಸಂಗ್ರಹಾಲಯವನ್ನು ತಪ್ಪಿಸಬೇಡಿ. ಸ್ಟೀಲು ಬಂದ ಮೇಲೆ ಜನ ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಗುಜರಿಗೆ ಹಾಕಿ ಕರಗಿಸುತ್ತಿರುವುದನ್ನು ಕಂಡು ಪಟೇಲರು ಅವುಗಳನ್ನು ಕೂಡಿಹಾಕತೊಡಗಿದರು, 1981ರಲ್ಲಿ ಸಂಗ್ರಹಾಲಯ ತೆರೆಯಿತು, ಈಗ ಅಲ್ಲಿ 4,000ಕ್ಕೂ ಹೆಚ್ಚು ವಸ್ತುಗಳಿವೆ. ಹಂಡೆ, ಕೊಡ, ತುಪ್ಪದ ಗಿಂಡಿ, ಬಗೆಬಗೆಯ ಅಡಕೊತ್ತುಗಳು. ನಮ್ಮ ಮನೆಯ ಗಂಗಾಳ ಮತ್ತು ಚರಿಗೆಗಳನ್ನು ನಮ್ಮ ತಾಯಿ ಸ್ಟೀಲಿನ ಡಬ್ಬಿಗಳಿಗೆ ಬದಲಾಯಿಸಿದ ದಿನ ನನಗೆ ಇನ್ನೂ ನೆನಪಿದೆ. ಅಂದು ಅಂಗಳದಲ್ಲಿ ನಿಂತು ನೋಡಿದ ನಾನು ಆ ಸಂಗ್ರಹಾಲಯದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತುಬಿಟ್ಟೆ. ವಿಶಾಲಾಕ್ಕೆಂದು ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ, ಮೊದಲೇ ಫೋನು ಮಾಡಿ ಜಾಗ ಹೇಳಿಡಿ, ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣಬೇಡಿ.

ಆನಂದ್ ಊರಿನಿಂದ ಒಬ್ಬರು:

ಎರಡೇ ಮಾತು. ಗುಫಾ ಸಂಜೆ ನಾಲ್ಕಕ್ಕೆ ತೆರೆಯುತ್ತದೆ, ಸೋಮವಾರ ರಜೆ. ನಾವು ಅದನ್ನು ವಿಚಾರಿಸದೆ ಸೋಮವಾರವೇ ಹೋಗಿ, ಮುಚ್ಚಿದ ಬಾಗಿಲನ್ನು ಕಂಡು ಮರಳಬೇಕಾಯಿತು. ಇನ್ನೊಂದು, ಮರಳುವ ರೈಲಿನ ಸಂಗತಿ. ವಡೋದರಾಕ್ಕೆ ರೈಲಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ, ಹೋಗುವಾಗ ತೊಂದರೆಯಿಲ್ಲ. ಆದರೆ ವಿಶಾಲಾ ಊರಿನ ಒಂದು ಕೊನೆ, ಕಾಲೂಪುರದ ರೈಲು ನಿಲ್ದಾಣ ಇನ್ನೊಂದು ಕಡೆ. ನಾವು ಹತ್ತರ ಸುಮಾರಿನ ರೈಲಿಗೆ ಸೀಟು ಕಾದಿರಿಸಿದ್ದರಿಂದ, ಬಡಿಸುವವರು ಇನ್ನೂ ಖಿಚಡಿ ಕಢಿ ತರುತ್ತಿರುವಾಗಲೇ ಕೈತೊಳೆದು ಓಡಬೇಕಾಯಿತು. ಎಲೆಯ ಮುಂದಿನಿಂದ ಅರ್ಧದಲ್ಲಿ ಎದ್ದದ್ದಕ್ಕೆ ನಮ್ಮಾಕೆ ಇಂದಿಗೂ ಬೇಸರಪಡುತ್ತಾಳೆ. ವಿಶಾಲಾದ ರಾತ್ರಿಯೂಟ ಬೇಕೆಂದರೆ ಅಲ್ಲಿಯೇ ತಂಗಿರಿ; ಅದೇ ದಿನ ಮರಳಲೇಬೇಕೆಂದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿಗೆ ಹೋಗಿ. ಲಾಂದ್ರದ ಬೆಳಕು ಇರುವುದಿಲ್ಲ, ಆದರೆ ಊಟ ನೆಮ್ಮದಿಯಾಗಿ ಆಗುತ್ತದೆ.

ಕೇಳಿದವರು ಮತ್ತೆ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಉತ್ತರಗಳನ್ನು ಯಜಮಾನರಿಗೆ ಓದಿ ಹೇಳಿದೆ. ಅಕ್ಕನವರು ಬರೆದಂತೆ ವಿಚಾರಿಸಿದೆ, ಯಾವ ದುಃಖದ ನೆನಪೂ ಇಲ್ಲ, ಅಭ್ಯಾಸದ ಅಳುಕೇ. ಗದ್ದುಗೆಯ ಮಾತಿಗೆ ಅವರು ಏನೂ ಉತ್ತರಿಸಲಿಲ್ಲ, ಆದರೆ ಸ್ವಲ್ಪ ಹೊತ್ತಿನ ಮೇಲೆ ಬೆಳಗಿನ ರೈಲಿನ ವೇಳೆಯನ್ನು ತಾವೇ ನೋಡಿ ಬರೆದಿಟ್ಟರು. ನಮ್ಮ ದಿನ ಮಂಗಳವಾರ ಬರುವುದರಿಂದ ಗುಫಾ ತೆರೆದಿರುತ್ತದೆ. ಲಕ್ಕಿಯ ಬಾಗಿಲಿನವರೆಗೆ ಹೋಗಿ, ಒಳಗೆ ಕೂರುವುದೋ ಹೊರಗೇ ನಿಂತು ಕುಡಿಯುವುದೋ ಎಂಬುದನ್ನು ಅವರಿಗೇ ಬಿಡುತ್ತೇನೆ. ವಿಶಾಲಾಕ್ಕೆ ರಾತ್ರಿಯೇ ಹೋಗುತ್ತೇವೆ. ಅಲ್ಲಿಂದ ದೂರವಾಗದಂತೆ, ಜೋಡಿಯಾಗಿ ತಂಗಲು ಅಚ್ಚುಕಟ್ಟಾದ ಜಾಗ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.