ಇಟ್ಟಿಗೆ ಸಂದಿನ ಗಾರೆ ಉದುರ್ತಾ ಐತೆ, ಮೇಲೆ ಪ್ಲಾಸ್ಟರ್ ಹೊಡಿಸಿದ್ರೆ ಸಾಕಾ?

ಹಿತ್ಲುಮನೆ: ನಮ್ದು ಮಾಲೂರು ಕಡೆ ಹಳ್ಳಿ. ಹಿಂದಿನ ರೂಮು 2012ರಲ್ಲಿ ಕಟ್ಸಿದ್ದು, ದುಡ್ಡಾದಾಗ ನೋಡ್ಕೊಳಣ ಅಂತ ಹೊರಗಡೆ ಪ್ಲಾಸ್ಟರ್ ಇಲ್ದೆ ಹಂಗೇ ಬಿಟ್ಟಿದ್ವಿ. ಆರು ತಿಂಗ್ಳಿಂದ ದಿನಾ ಬೆಳಿಗ್ಗೆ ಗೋಡೆ ಬುಡದಲ್ಲಿ ಸಣ್ಣ ಮರಳು ಗುಡ್ಡೆ, ಅಮ್ಮ ಇರುವೆ ತೋಡಾಕ್ತಾವೆ ಅಂದ್ಕೊಂಡು ಗುಡಿಸಿ ಗುಡಿಸಿ ಇರುವೆ ಪುಡಿ ಹಾಕ್ತಿದ್ರು. ಮೊನ್ನೆ ಬೈಕ್ ಕೀಲಿ ಸಂದಿ ಕೆರೆದು ನೋಡಿದ್ರೆ ಹುರಿಹಿಟ್ಟು ಉದುರ್ದಂಗೆ ಉದುರ್ತು, ಅರ್ಧ ಕೀ ಒಳಗೋಯ್ತು. ನೆಲದಿಂದ ಮೂರಡಿವರೆಗೆ ಹಿಂಗೆ, ಮೇಲೆ ಗಟ್ಟಿ ಐತೆ. ತಮಾಷೆ ಅಂದ್ರೆ ತಾತ ಸುಣ್ಣದ ಗಾರೆಲಿ ಕಟ್ಟಿದ ಮುಂದಿನ ಮನೆಗೆ ಏನೂ ಆಗಿಲ್ಲ. ಮೇಸ್ತ್ರಿ ಬಂದು ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆದ್ರೆ ಎಲ್ಲಾ ಮುಚ್ಚೋಗುತ್ತೆ ಅಂತಾವ್ರೆ. ಹೊಡಿಸ್ಲಾ?

ಗಾರೆಪ್ಪ: ಬೇಡ ಗುರು. ಮುಚ್ಚೋಗುತ್ತೆ ಅನ್ನೋದು ನಿಜ, ವಾಸಿ ಆಗಲ್ಲ ಅಷ್ಟೆ, ಒಳಗೆ ಪುಡಿ ಇದ್ರೆ ಪ್ಲಾಸ್ಟರ್ ಹಿಡಿಯೋದು ಯಾವುದನ್ನ? ಒಂದೆರಡು ವರ್ಷಕ್ಕೆ ಟೊಳ್ಳು ಶಬ್ದ ಬಂದು ಹಪ್ಪಳದಂಗೆ ಎದ್ದು ಬರುತ್ತೆ. ಬರೀ ಕೆಳಗೆ ಮೂರಡಿ ಅಂದ್ರೆ ನೀರಿನ ಕೆಲ್ಸ. ಅಲ್ಲಿ ನಲ್ಲಿ, ಬಚ್ಚಲು, ಸಂಪು ಏನಾದ್ರೂ ಐತಾ? ಇಟ್ಟಿಗೆ ಮೇಲೆ ಬಿಳಿ ಬಿಳಿ ಉಪ್ಪು ಕೂತೈತಾ?

ಹಿತ್ಲುಮನೆ: ಬಿಳಿ ಉಪ್ಪು ಐತಣ್ಣ. ಪಾತ್ರೆ ತೊಳೆಯೋ ಕಲ್ಲು ಅಲ್ಲೇ ಐತೆ, ಶೀಟಿನ ನೀರೂ ಅಲ್ಲೇ ಬೀಳೋದು 🙈

ಗಾರೆಪ್ಪ: ಅಲ್ಲಿಗೆ ಸಿಕ್ತಲ್ಲ. ಗೋಡೆ ನೀರು ಹೀರುತ್ತೆ, ನೀರು ಆರೋವಾಗ ಉಪ್ಪು ಹರಳುಗಟ್ಟುತ್ತೆ, ಆ ಹರಳು ಉಬ್ಬಿ ಗಾರೆನ ಒಡೆಯುತ್ತೆ. ನಮ್ಮ ಕಡೆ ಬೋರ್ ನೀರಿನ ಗಡಸು ಗೊತ್ತಲ್ಲ, ಕಲ್ಸೋಕೂ ಅದೇ, ಕ್ಯೂರಿಂಗಿಗೂ (ಕಟ್ಟಿದ್ಮೇಲೆ ದಿನಾ ಒದ್ದೆ ಮಾಡೋಕೂ) ಅದೇ. ಉಪ್ಪನ್ನ ನೀರು ಹಾಕಿ ತೊಳಿಬೇಡ, ಕರಗಿ ಮತ್ತೆ ಒಳಗೇ ಹೋಗುತ್ತೆ, ಒಣ ಬ್ರಷ್‌ಲಿ ಉಜ್ಜಿ ಮೊರದಲ್ಲಿ ಹಿಡ್ದು ಆಚೆ ಎಸಿ. ಮೊದ್ಲು ಶೀಟಿನ ಅಂಚಿಗೆ ಮಳೆನೀರು ಹಿಡಿಯೋ ದೋಣಿ ಹಾಕ್ಸು, ಕಲ್ಲು ಆಚೆ ಸರಿಸು, ಒಂದು ಬೇಸಿಗೆ ಪೂರ್ತಿ ಒಣಗಲಿ. ಅದಾಗ್ದೆ ಮೇಸ್ತ್ರಿನ ಕರೀಬೇಡ.

ಚಿಂತಾಮಣಿ ಸಿವಿಲ್: ನಂಗೆ ಮರಳಿನ ಮೇಲೂ ಡೌಟು. ಆ ಟೈಮಲ್ಲಿ ನಮ್ಮ ಕಡೆ ಎಲ್ಲಾ ಫಿಲ್ಟರ್ ಮರಳು, ಅಂದ್ರೆ ಹೊಲದ ಮಣ್ಣು ತೊಳೆದು ತೆಗೆದಿದ್ದು, ಜೇಡಿ ಬಿಟ್ಟಿರಲ್ಲ. ಉದುರಿದ ಪುಡಿನ ಗಾಜಿನ ಲೋಟದಲ್ಲಿ ನೀರು ಹಾಕಿ ಕಲಕಿ ರಾತ್ರಿ ಇಡಿ, ಬೆಳಿಗ್ಗೆ ಮರಳಿನ ಮೇಲೆ ದಪ್ಪಕ್ಕೆ ಕೆಸರು ಪದರ ಇದ್ರೆ ಅದೇ ಇರ್ಬೋದು (ಇಟ್ಟಿಗೆ ಪುಡಿ ಸೇರಿರಬಾರದು ಮತ್ತೆ).

ಒಣಗಿದ ಮೇಲೆ ಪಾಯಿಂಟಿಂಗ್ ಮಾಡ್ಸಿ, ಅಂದ್ರೆ ಸಂದಿನ ಹಳೇ ಗಾರೆ ಕೆರೆದು ಹೊಸದು ತುಂಬೋದು. ಸಂದು ಎಷ್ಟು ಅಗಲ ಐತೋ ಅದ್ರ ಎರಡರಷ್ಟು ಆಳ, ಸುಮಾರು ಮುಕ್ಕಾಲಿಂದ ಒಂದಿಂಚು, ಉಳಿ ಸುತ್ತಿಗೆಲಿ ಕೆರೀಬೇಕು. ಗ್ರೈಂಡರ್ ಹಚ್ತೀನಿ ಅಂದ್ರೆ ಬೇಡ ಅನ್ನಿ, ಇಟ್ಟಿಗೆ ಅಂಚೆಲ್ಲಾ ಹೋಗುತ್ತೆ. ಒಂದೇ ಸಲ ಉದ್ದಕ್ಕೂ ಕೆರೀಬೇಡಿ, ಮೂರ್ನಾಲ್ಕು ಅಡಿ ಕೆರೆದು, ಧೂಳು ತೆಗೆದು, ನೆನೆಸಿ, ಕರಣೆಲಿ ಒತ್ತಿ ತುಂಬಿ ಆಮೇಲೆ ಮುಂದಕ್ಕೆ ಹೋಗಿ. ಸಿಮೆಂಟ್ ಜಾಸ್ತಿ ಹಾಕಿದ್ರೆ ಒಳ್ಳೇದು ಅನ್ನೋದು ತಪ್ಪು, ನಮ್ಮ ನಾಟಿ ಇಟ್ಟಿಗೆ ಮೆತ್ತಗೆ, ಗಾರೆ ಅದಕ್ಕಿಂತ ಗಟ್ಟಿ ಆದ್ರೆ ತೇವ ಇಟ್ಟಿಗೆ ಮುಖಾಂತ್ರನೇ ಆಚೆ ಬಂದು ಇಟ್ಟಿಗೆ ಪದರ ಪದರ ಉದುರುತ್ತೆ. 1 ಸಿಮೆಂಟ್, 1 ಸುಣ್ಣ, 6 ಮರಳು ಸಾಕು. ಬಾಂಡ್ಲಿಲಿ ಗಟ್ಟಿ ಆದ ಕಲಸಿಗೆ ಮತ್ತೆ ನೀರು ಹಾಕಿ ಬಳಸೋಕೆ ಬಿಡ್ಬೇಡಿ. ಏಳು ದಿನ ಒದ್ದೆ ಗೋಣಿಚೀಲ ಕಟ್ಟಿ, ಅದಕ್ಕೆ ಬೋರ್ ನೀರು ಬೇಡ, ಕ್ಯಾನ್ ನೀರು ದುಬಾರಿ, ಮಳೆ ನೀರು ಹಿಡಿದಿಟ್ಟಿದ್ರೆ ಅದನ್ನೇ ಹಾಕಿ.

ತಾತನ ಗೋಡೆಗೆ ಮಾತ್ರ ಸಿಮೆಂಟ್ ಮುಟ್ಟಿಸ್ಬೇಡಿ, ಅಲ್ಲಿ ರಿಪೇರಿ ಬಂದ್ರೆ ಸುಣ್ಣನೇ. ಇನ್ನು ಮೆಟ್ಲು ಮೆಟ್ಲಾಗಿ ಬಿರುಕು ಇದ್ರೆ, ಗೋಡೆ ಹೊಟ್ಟೆ ಉಬ್ಬಿದ್ರೆ ಪಾಯಿಂಟಿಂಗ್ ಕತೆ ಬಿಟ್ಟು ಇಂಜಿನಿಯರ್‌ಗೆ ತೋರ್ಸಿ.

ಹಿತ್ಲುಮನೆ: ಬಿರುಕಿಲ್ಲ ಸಾರ್, ದಾರ ಹಿಡಿದು ನೋಡ್ದೆ, ಗೋಡೆ ನೆಟ್ಟಗೈತೆ. ಲೋಟದಲ್ಲಿ ಬೆಳಿಗ್ಗೆ ನೋಡಿದ್ರೆ ಕಾಲು ಭಾಗ ಕೆಸರು 😐 ದೋಣಿಗೆ ಅಳತೆ ಕೊಟ್ಟು ಬಂದೆ. ಮಿಕ್ಕಿರೋ ಎರಡು ಡಬ್ಬ ಇರುವೆ ಪುಡಿ ಅಂಗಡಿಯವನು ವಾಪಸ್ ತಗೋತಾನಾ ಅಂತ ಅಮ್ಮ ಕೇಳ್ತಾವ್ರೆ.