ಗಟಾರ, ಕೇಬಲ್ಲು ಮತ್ತು ಅಮೆರಿಕದ ಚಾನೆಲ್ಲು

ಶರಣು ಕಾಕಾ (ಫಾರ್ವರ್ಡ್): ಅಮೆರಿಕದಲ್ಲಿ ಪ್ರತಿ ಊರಿನ ಜನರಿಗೂ ಕೇಬಲ್ ಕಂಪನಿಯವರು ಒಂದು ಚಾನೆಲ್ ಪುಕ್ಕಟೆ ಬಿಟ್ಟುಕೊಡಲೇಬೇಕು!! ಅಲ್ಲಿಯ ದೊಡ್ಡ ರಾಜಕಾರಣಿ ಬರ್ನಿ ಸ್ಯಾಂಡರ್ಸ್ ಮೇಯರ್ ಆಗಿದ್ದು ಇದೇ ಚಾನೆಲ್‌ನಿಂದ! ಈಗ ಭಾರತದಲ್ಲೂ ಅದೇ ಕಾನೂನು ಬಂದಿದೆ. ನಿಮ್ಮ ಕೇಬಲ್‌ನವನು ದಿನಕ್ಕೆ 1 ತಾಸು ಜನಸಾಮಾನ್ಯರಿಗೆ ಕೊಡಬೇಕು. ಇಲ್ಲದಿದ್ದರೆ ಲೈಸೆನ್ಸ್ ರದ್ದು. ಎಲ್ಲ ಗ್ರೂಪಿಗೂ ಕಳಿಸಿ.

ಶರಣು ಕಾಕಾ: ಎಲ್ಲಾರೂ ಓದ್ರಿ. ಕೆಲವರಂತೂ ಎರಡು ಸಲ ಓದ್ರಿ.

‘ಕೆಲವರು’ ಅಂದರೆ ಯಾರು ಅಂತ ‘ಹಿರೇಮನಿ ಬಳಗ’ ಅನ್ನುವ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಊರ ಮನೆ ಮುಂದಿನ ಗಟಾರ ಕಟ್ಟಿಕೊಂಡಿದೆ. ಅದರ ಸುದ್ದಿ ಹಾಕು ಅಂತ ಕಾಕಾ ಲೋಕಲ್ ಕೇಬಲ್ ಚಾನೆಲ್‌ನವನಿಗೆ ಹೇಳಿದ್ದರು. ಅವನು ಹಾಕಲಿಲ್ಲ. ಆ ಕೇಬಲ್‌ನವನು ನಿವೃತ್ತ ಹೆಡ್‌ಮಾಸ್ತರರಾದ ನಮ್ಮ ದೊಡ್ಡಪ್ಪನ ಶಿಷ್ಯ. ಗಟಾರ ಕಟ್ಟಿಕೊಂಡಿದ್ದು ದೊಡ್ಡಪ್ಪ ಹಾಕಿಸಿದ ಶಹಾಬಾದ ಫರಸಿಯ ಅಡಿಯಲ್ಲಿ.

ವಿಜಿ: ಕಾಕಾ, ಯಾವ ಕಾನೂನು? ನಂಬರ್ ಕೊಡಿ, ಗೆಜೆಟ್ ಕೊಡಿ. ನನಗೆ ಗೊತ್ತಿರೋದು 1995ರ ಕೇಬಲ್ ಕಾಯ್ದೆ. ಅದ್ರಲ್ಲಿ ಕಡ್ಡಾಯ ಇರೋದು ದೂರದರ್ಶನ ತೋರಿಸೋದು. ಜನಸಾಮಾನ್ಯರಿಗೆ ಒಂದು ತಾಸು ಅಂತ ಎಲ್ಲೂ ಇಲ್ಲ.

ಶರಣು ಕಾಕಾ: ನೀ ಬೆಂಗಳೂರಿಗೆ ಹೋಗಿ ವಕೀಲ ಆದಾಗಿಂದ ಬರೇ ನಂಬರ್ ಕೇಳ್ತೀ. ಗಟಾರ ನಾರಲಾಕತ್ತದ, ಅದಕ್ಕ ಯಾವ ಸೆಕ್ಷನ್ ಹೇಳು.

ವಿಜಿ: ಬರ್ನಿದೂ ಸುಳ್ಳು. ಬರ್ಲಿಂಗ್ಟನ್‌ನಲ್ಲಿ ಅವನು ಮೇಯರ್ ಆಗಿದ್ದು 1981ರಲ್ಲಿ, 10 ಓಟಿನಿಂದ. ಕೇಬಲ್‌ನಲ್ಲಿ ಕಾರ್ಯಕ್ರಮ ಶುರು ಮಾಡಿದ್ದು 1986ರಲ್ಲಿ. ಮೊದಲು ಕುರ್ಚಿ, ಆಮೇಲೆ ಟೀವಿ.

ಸುನಂದತ್ತಿ: 10 ಓಟು ಅಂದ್ರ ನಮ್ಮ ಮನಿ ಮಂದಿನೇ ಆತಲ್ಲ.

ದೊಡ್ಡಪ್ಪ: ಶುಭೋದಯ. ಮಾತು ಬಲ್ಲವನಿಗೆ ಜಗಳವಿಲ್ಲ. ಮನೆಯ ಮಾತು ಬೀದಿಗೆ ತರುವುದು ಸಂಸ್ಕಾರವಲ್ಲ. ಟೀವಿಯಲ್ಲಿ ಬರಬೇಕೆಂಬ ಹಪಾಹಪಿ ಇಂದಿನ ಪೀಳಿಗೆಯ ರೋಗ.

(ಕಾಕಾನಿಗೆ ಬರುವ ಶ್ರಾವಣಕ್ಕೆ 66. ದೊಡ್ಡಪ್ಪನ ಲೆಕ್ಕದಲ್ಲಿ ಅವರಿನ್ನೂ ಇಂದಿನ ಪೀಳಿಗೆ.)

ಶರಣು ಕಾಕಾ: ಅಣ್ಣಾ, ಗಟಾರ ಬೀದ್ಯಾಗೇ ಅದ. ನಾ ತಂದಿಲ್ಲ.

ಮಂಜಕ್ಕ ಅಮೆರಿಕದ ಮ್ಯಾಸಚೂಸೆಟ್ಸ್‌ನಿಂದ ಎದ್ದದ್ದು ಆಗ. ಅಲ್ಲಿ ನಟ್ಟನಡುರಾತ್ರಿ. ಈಕೆ ದೊಡ್ಡಪ್ಪನ ಮಗಳು ಅನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಮಂಜಕ್ಕ: ವಿಜಿ ಹೇಳಿದ್ದು ಖರೆ, ಆದ್ರ ಕಾಕಾ ಹೇಳಿದ್ದೂ ಪೂರಾ ಸುಳ್ಳಲ್ಲ. 1972ರಾಗ ಇಲ್ಲಿ ಸರಕಾರ ದೊಡ್ಡ ಊರಿನ ಕೇಬಲ್‌ನವರಿಗೆ ಜನರ ಚಾನೆಲ್ ಕಡ್ಡಾಯ ಮಾಡಿತ್ತು. 1979ರಾಗ ಸುಪ್ರೀಂ ಕೋರ್ಟ್ ಅದನ್ನ ಹೊಡೆದು ಹಾಕ್ತು. 1984ರಾಗ ಹೊಸ ಕಾಯ್ದೆ ಬಂತು. ಈಗ ಕಡ್ಡಾಯ ಅಂತಿಲ್ಲ, ಆದ್ರ ಕೇಬಲ್ ಕಂಪನಿ ಊರಾಗ ತಂತಿ ಎಳೀಬೇಕಂದ್ರ ಊರಿನವರ ಪರವಾನಗಿ ಬೇಕು. ಆಗ ಊರಿನವರು ‘ನಮಗೊಂದು ಚಾನೆಲ್ ಕೊಡು, ಗಳಿಕೆಯಾಗ 5%ರ ತನಕ ಶುಲ್ಕ ಕೊಡು’ ಅಂತ ಕೇಳಬಹುದು. ಕೇಳಿದವರಿಗೆ ಅದ, ಕೇಳದಿದ್ದವರಿಗೆ ಇಲ್ಲ.

ಮಂಜಕ್ಕ: ನಾನೂ ಹೋಗಿ ಕಲ್ತೀನಿ. ಹಳೇ ಕಟ್ಟಡದಾಗ ಸ್ಟುಡಿಯೊ. ಕ್ಯಾಮೆರಾ ಹಿಡಿಯೂದು, ಎಡಿಟ್ ಮಾಡೂದು ಅವರೇ ಕಲಿಸ್ತಾರ, ಸಾಮಾನು ಮನೀಗೂ ಕೊಡ್ತಾರ. ಊರಿನ ಸಭಿ ಪೂರ್ತಿ ತೋರಿಸ್ತಾರ, ಒಬ್ಬಾಂವ ಆಕಳಿಸಿದ್ದೂ ಬಿಡೂದಿಲ್ಲ. ಬಾಡಿಗಿ ಏರಿಸಿದ್ರಂತ ಒಂದಿಷ್ಟು ಮಂದಿ ತಮ್ಮದೇ ಕಾರ್ಯಕ್ರಮ ಮಾಡಿದ್ರು. ಮತ್ತ ಮುಖ್ಯ ಮಾತು, ಏನು ಹಾಕ್ಬೇಕು ಏನು ಬ್ಯಾಡ ಅಂತ ಕೇಬಲ್ ಕಂಪನಿ ಬಾಯಿ ಹಾಕೂ ಹಂಗಿಲ್ಲ. ಯಾರ ಶಿಷ್ಯ ಆದ್ರೂ ಅಷ್ಟೇ.

ಕೊನೆಯ ವಾಕ್ಯಕ್ಕೆ ಕಾಕಾ ಐದು ಸಲ ಚಪ್ಪಾಳೆ ಒತ್ತಿದರು.

ದೊಡ್ಡಪ್ಪ: ಮಂಜುಳಾ, ಅಲ್ಲಿ ಈಗ ರಾತ್ರಿ. ಮಲಗು.

ವಿಜಿ: ಬಾಯಿ ಹಾಕಬಾರದು ಅನ್ನೋದರ ಇನ್ನೊಂದು ಮುಖವನ್ನೂ ಹೇಳು ಅಕ್ಕ. ಅಲ್ಲಿಯ ಕನ್ಸಾಸ್ ಸಿಟಿಯಲ್ಲಿ ಜನಾಂಗದ್ವೇಷದ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ನಮಗೂ ಸಮಯ ಕೊಡಿ ಅಂತ ಬಂದ್ರು. ಅವರಿಗೆ ಇಲ್ಲ ಅನ್ನೋಕೆ ಕಾನೂನಿಲ್ಲ. ನಗರಸಭೆ ಏನು ಮಾಡ್ತು? 1988ರಲ್ಲಿ ಚಾನೆಲ್ಲನ್ನೇ ಮುಚ್ಚಿತು. ಕೇಸ್ ಬಿದ್ದ ಮೇಲೆ 1989ರಲ್ಲಿ ಮತ್ತೆ ತೆಗೀಬೇಕಾಯ್ತು.

ಈ ಮೆಸೇಜಿಗೆ ಉತ್ತರ ಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಎಲ್ಲರಿಗೂ ಬಾಗಿಲು ತೆಗೆದರೆ ಬೆಂಕಿ ಹಿಡಿದವನೂ ಒಳಗೆ ಬರುತ್ತಾನೆ, ಆಗೇನು ಮಾಡಬೇಕು? ಇಡೀ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಬಂದ ಉತ್ತರ ಇದು:

ಗುರಣ್ಣ: ಟೀವಿ ಅಂದ ಕೂಡಲೇ ನೆನಪಾತು ನೋಡ್ರಿ! 1975, ಆಗಸ್ಟ್. ನಮ್ಮೂರ ಸಾಲ್ಯಾಗ ಟೀವಿ ಬಂತು. ಬೆಂಗಳೂರಾಗೂ ಇರಲಿಲ್ಲ, ರಾಯಚೂರು ಗುಲಬರ್ಗಾ ಬಿಜಾಪುರದ ಹಳ್ಳಿಗೆ ಬಂತು! ಅಮೆರಿಕದ ಉಪಗ್ರಹ. ಮ್ಯಾಲೆ ಕೋಳಿ ಜಾಲರಿ ಹೆಣದಂಥ ದೊಡ್ಡ ಛತ್ರಿ. ಮುಂಜಾನೆ ನಮಗ, ಸಂಜೀಕ ದೊಡ್ಡವರಿಗೆ ಎರಡೂವರೆ ತಾಸು. ದೊಡ್ಡಪ್ಪ ಬೆತ್ತ ಹಿಡಿದು ಮಂದಿ ಕೂಡಿಸ್ತಿದ್ದ, ಹೆಣ್ಮಕ್ಕಳು ಈ ಕಡಿ, ಗಂಡಸರು ಆ ಕಡಿ.

ದೊಡ್ಡಪ್ಪ: ಆಗ ಶಿಸ್ತು ಇತ್ತು.

ಸುನಂದತ್ತಿ: ಒಂದು ವರ್ಷಕ್ಕ ಉಪಗ್ರಹ ವಾಪಸ್ ಒಯ್ದ್ರು. ಅವ್ವ ಹಬ್ಬಕ್ಕ ಬಂದ ಅಳಿಯ ಹೋದಂಗ ಅತ್ತಿದ್ಲು.

ಗುರಣ್ಣ: ಆರು ರಾಜ್ಯ, 2,400 ಹಳ್ಳಿ! ಸೈಟ್ ಅಂತ ಅದರ ಹೆಸರು. ಕನ್ನಡದಾಗ ಒಕ್ಕಲುತನ, ಕುಟುಂಬ ಯೋಜನೆ, ಎಲ್ಲಾ ಹೇಳ್ತಿದ್ರು.

ವಿಜಿ: ತುರ್ತು ಪರಿಸ್ಥಿತಿ ಬಗ್ಗೆ ಹೇಳಿದ್ರಾ ಗುರಣ್ಣ? ಅದೇ ವರ್ಷ ಅಲ್ವಾ?

ಗುರಣ್ಣ: ನಾ ಆಗ ನಾಲ್ಕನೇತ್ತೆ ಇದ್ದೆಪ್ಪ. ಆನಿ ತೋರಿಸಿದ್ದು ನೆನಪದ.

ಮಂಜಕ್ಕ: ಅದೇ ಫರಕು. ಆ ಟೀವಿ ನಮಗ ಹೇಳ್ತಿತ್ತು, ನಾವು ಅದಕ್ಕ ಹೇಳಾಕ ಬರ್ತಿರಲಿಲ್ಲ. ರೇಡಿಯೊನಾಗ ಸ್ವಲ್ಪ ಆಗ್ಯದ. ಕೋಲಾರದ ಬೂದಿಕೋಟೆಯವರು ಲೈಸೆನ್ಸ್ ಸಿಗೂದಕ್ಕಿಂತ ಮೊದಲು ಕೇಬಲ್ ತಂತಿಮ್ಯಾಲೆ ‘ನಮ್ಮ ಧ್ವನಿ’ ಅಂತ ತಮ್ಮದೇ ರೇಡಿಯೊ ನಡಿಸಿದ್ರು.

ವಿಜಿ: 2006ರಿಂದ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ಲೈಸೆನ್ಸ್ ಇದೆ. ಆದ್ರೆ ತಮ್ಮದೇ ಸುದ್ದಿ ಓದೋ ಹಾಗಿಲ್ಲ, ಹಾಕೋದಾದ್ರೆ ಆಕಾಶವಾಣಿದೇ ಹಾಕ್ಬೇಕು. ಗಾಳಿಯ ತರಂಗ ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಕ್ರಿಕೆಟ್ ಪ್ರಸಾರದ ಕೇಸಿನಲ್ಲಿ.

ಶರಣು ಕಾಕಾ: ಕ್ರಿಕೆಟ್ ಸಲುವಾಗಿ ಸುಪ್ರೀಂ ಕೋರ್ಟ್. ಗಟಾರ ಸಲುವಾಗಿ ಹಿರೇಮನಿ ಬಳಗ.

ಸುನಂದತ್ತಿ: ಚಾನೆಲ್ ಸುದ್ದಿ ಬಂತಂತ ಕೇಳ್ತೀನಿ. ಹೋದ ಜಾತ್ರಿ ಲೈವ್ ಬಂದಾಗ ಕೆಳಗ ‘ಶುಭ ಕೋರುವವರು’ ಅಂತ ಓಡ್ತಿತ್ತಲ್ಲ, ಎಲ್ಲಾರ ಹೆಸರಿತ್ತು. ನಮ್ಮ ಮನಿಯವರದು ಯಾಕಿರಲಿಲ್ಲ? ರೊಕ್ಕಾ ನಾವೂ ಕೊಟ್ಟಿದ್ವಿ.

ಇಲ್ಲಿಂದ ಅಮೆರಿಕವೂ ಇಲ್ಲ, ಸುಪ್ರೀಂ ಕೋರ್ಟೂ ಇಲ್ಲ. ಒಂದು ತಾಸು ಮೆಸೇಜುಗಳು ಸುರಿದವು: ಪಟ್ಟಿ ಬರೆದವರು ಯಾರು, ಕೊಟ್ಟವರು ಯಾರು, ಮಾಮನ ಹೆಸರು ಬಿಟ್ಟುಹೋದದ್ದು ಕೈತಪ್ಪೋ ಬೇಕಂತಲೋ. ದೊಡ್ಡಪ್ಪ ‘ಕ್ಷಮೆಯೇ ಪರಮ ಧರ್ಮ’ ಅಂತ ಸೂರ್ಯೋದಯದ ಚಿತ್ರ ಹಾಕಿದರು. ಪಟ್ಟಿ ಅವರದೇ ಕೈಬರಹದಲ್ಲಿತ್ತು ಅಂತ ಅತ್ತಿ ಫೋಟೊ ಹಾಕಿದರು. ಆ ಚೀಟಿಯನ್ನು ಆಕೆ ಇಷ್ಟು ದಿನ ತೆಗೆದಿಟ್ಟುಕೊಂಡಿದ್ದರು!

ಈ ನಡುವೆ ನಾನು ಫಾರ್ವರ್ಡ್‌ನ ‘ಇನ್ನಷ್ಟು ಓದಿ’ ಒತ್ತಿ ನೋಡಿದೆ. ತಳದಲ್ಲಿ ‘ಅರ್ಜಿ ಶುಲ್ಕ 99 ರೂ., ಕೆಳಗಿನ ಲಿಂಕ್‌ನಲ್ಲಿ ಕಟ್ಟಿ’ ಅಂತಿತ್ತು. ವಿಜಿಯೂ ಅಲ್ಲಿಯವರೆಗೆ ಓದಿರಲಿಲ್ಲ. ಗುಂಪಿನಲ್ಲಿ ಹಾಕಿದೆ, ಯಾರೂ ಗಮನಿಸಲಿಲ್ಲ. ಕಾಕಾ ಮಾತ್ರ ಖಾಸಗಿಯಾಗಿ ಕೇಳಿದರು: ‘ಕಟ್ಟಿದ್ರ ವಾಪಸ್ ಬರ್ತದೇನು?’

ಮಂಜಕ್ಕ: ಕಾಕಾ, ಚಾನೆಲ್ ಯಾಕ ಕಾಯ್ತೀರಿ? ಇಲ್ಲೂ ಮಂದಿ ಕೇಬಲ್ ಬಿಡಲಾಕತ್ತಾರ, ಆ 5% ರೊಕ್ಕನೂ ಇಳೀಲಾಕತ್ತದ. ಫೋನ್ ಅದಲ್ಲ, ನೀವೇ ಶೂಟ್ ಮಾಡ್ರಿ. ಗಟಾರ ತೋರಿಸ್ರಿ, ತಾರೀಖು ಹೇಳ್ರಿ, ಎಷ್ಟು ದಿನ ಆತು ಹೇಳ್ರಿ, ಪುರಸಭಿಗೆ ಕಳಿಸ್ರಿ.

ಕಾಕಾ ತಡಮಾಡಲಿಲ್ಲ. ಎರಡು ನಿಮಿಷದ ವಿಡಿಯೊ ಬಂತು. ನಿಜಕ್ಕೂ ಚೆನ್ನಾಗಿ ಮಾಡಿದ್ದರು. ನೀರು ಎಲ್ಲಿ ನಿಲ್ಲುತ್ತದೆ, ಫರಸಿ ಎಲ್ಲಿ ಇಳಿದಿದೆ, ಸೊಳ್ಳೆ ಎಲ್ಲಿ ಮುತ್ತಿವೆ, ಎಲ್ಲವನ್ನೂ ಕೋಲು ಹಿಡಿದು ತೋರಿಸಿದ್ದರು. ಹಿಂದೆ ಕಟ್ಟೆಯ ಮೇಲೆ ಬನಿಯನ್ನು, ಲುಂಗಿಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು ಒಬ್ಬರು ನಿಂತಿದ್ದರು.

ಗುರಣ್ಣ: ಬನಿಯನ್ ಮ್ಯಾಲೆ ಅದು ದೊಡ್ಡಪ್ಪ ಅಲ್ಲೇನು?

ಸುನಂದತ್ತಿ: ಅಣ್ಣ ಎಷ್ಟು ಸೊರಗ್ಯಾನ. ಊಟ ಸರಿ ಮಾಡಲಾಕತ್ತಿಲ್ಲೇನು?

ದೊಡ್ಡಪ್ಪ: ಶರಣಪ್ಪ, ಇದನ್ನು ಕೂಡಲೇ ಅಳಿಸು.

ಶರಣು ಕಾಕಾ: ಪುರಸಭಿಗೆ ಕಳಿಸಿ ಆತು ಅಣ್ಣಾ. ಶುಭ ಕೋರುವವರ ಪಟ್ಟ್ಯಾಗ ನಿನ್ನ ಹೆಸರೂ ಹಾಕೀನಿ.

ದೊಡ್ಡಪ್ಪನೇ ಗುಂಪಿನ ಅಡ್ಮಿನ್. ವಿಡಿಯೊ ಇದ್ದ ಜಾಗದಲ್ಲಿ ಈಗ ‘ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ’ ಅಂತ ಬರುತ್ತದೆ. ಅಷ್ಟರಲ್ಲಿ ಮಂಜಕ್ಕ ಅದನ್ನು ಸೇವ್ ಮಾಡಿಕೊಂಡಿದ್ದಳು.