ಸಕಲೇಶಪುರಕ್ಕೆ ಐದು ಜನ, ಎರಡು ರಾತ್ರಿ, 15,000 ಸಾಕಾ?

ಪ್ರಶ್ನೆ

ನಮಸ್ಕಾರ. ಜನವರಿಯಲ್ಲಿ ಸಕಲೇಶಪುರಕ್ಕೆ ಹೊರಟಿದ್ದೇವೆ. ನಾನು, ಯಜಮಾನರು, ಅತ್ತೆ, 9 ವರ್ಷದ ಮಗಳು, 4 ವರ್ಷದ ಮಗ. ಬೆಂಗಳೂರಿನಿಂದ, ಕಾರಿಲ್ಲ. ಚೀಟಿ ಎತ್ತಿದ ದುಡ್ಡಲ್ಲಿ 15,000 ತೆಗೆದಿಟ್ಟಿದ್ದೇನೆ, ಅದರ ಮೇಲೆ ಒಂದು ರೂಪಾಯಿ ಇಲ್ಲ.

ಹೋದ ವರ್ಷ ಬೇರೆ ಊರಿನ ಹೋಮ್‌ಸ್ಟೇ ಒಂದರಲ್ಲಿ ಕೈ ಸುಟ್ಟುಕೊಂಡಿದ್ದೆವು. ಹೊರಡುವಾಗ ಜೀಪಿಗೆ ಬೇರೆ, ಸಂಜೆ ಹಾಕಿದ ಬೆಂಕಿಗೆ ಬೇರೆ, ಮಗು ಕುಡಿದ ಹಾಲಿಗೂ ಬೇರೆ ಅಂದರು. ಹಾಲಿಗೆ! ಎರಡು ಲೋಟಕ್ಕೆ 120. ಈ ಸಲ ವಿಚಾರಿಸಿದ ಕಡೆ ತಲೆಗೆ 2,000 ಹೇಳುತ್ತಿದ್ದಾರೆ. ಲೆಕ್ಕ ಕೂರುತ್ತಿಲ್ಲ. ಗೊತ್ತಿರುವವರು ಹೇಳಿ.

ಉತ್ತರ 1

ಅಕ್ಕಾ, ನಮ್ಮದೂ ಅದೇ ತಾಲ್ಲೂಕು, ಸಣ್ಣ ತೋಟ. ಹೋಮ್‌ಸ್ಟೇ ಇಲ್ಲ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಮೊದಲು ಬಸ್ಸು. ನಿಮ್ಮ ಮನೆಯಲ್ಲಿ ಟಿಕೆಟ್ ಬೇಕಿರುವುದು ಯಜಮಾನರಿಗೆ ಮಾತ್ರ! ನಿಮಗೆ, ಅತ್ತೆಗೆ, ಮಗಳಿಗೆ ಶಕ್ತಿ ಯೋಜನೆ ಇದೆ. ಮಗನಿಗೆ ಆರು ತುಂಬಿಲ್ಲ. ಆಧಾರ್ ಮರೆಯಬೇಡಿ, ಕೆಂಪು ಬಸ್ಸೇ ಹತ್ತಿ. ರಾಜಹಂಸ, ಐರಾವತಕ್ಕೆ ಶಕ್ತಿ ನಡೆಯುವುದಿಲ್ಲ. ಹೋಗಿ ಬರಲು 700 ಇಟ್ಟುಕೊಳ್ಳಿ.

ತಲೆಗೆ 2,000 ಅಂದರೆ ಸಾಮಾನ್ಯವಾಗಿ ಮೂರು ಹೊತ್ತಿನ ಊಟ ಸೇರಿಯೇ, ಒಂದು ರಾತ್ರಿಗೆ. ಮಗಳಿಗೆ ಅರ್ಧ, ಮಗನಿಗೆ ಇಲ್ಲ ಅಂದುಕೊಂಡರೂ 7,000 ಆಯಿತು. ಎರಡು ರಾತ್ರಿ ಅಲ್ಲೇ ಇದ್ದರೆ ನಿಮ್ಮ ಚೀಟಿ ದುಡ್ಡು ಅಲ್ಲೇ ಖಾಲಿ. ಅದಕ್ಕೇ ಒಂದು ರಾತ್ರಿ ತೋಟದಲ್ಲಿ, ಒಂದು ರಾತ್ರಿ ಪೇಟೆಯ ಲಾಡ್ಜಿನಲ್ಲಿ ಇರಿ. ದೊಡ್ಡ ರೂಮು, ಮೇಲೊಂದು ಹಾಸಿಗೆ, 2,000ಕ್ಕೆ ಸಿಗುತ್ತದೆ. ಆ ದಿನದ ಊಟ-ತಿಂಡಿಗೆ 1,500. ಶನಿವಾರ ಬಿಟ್ಟು ಮಂಗಳವಾರ-ಬುಧವಾರ ಬಂದರೆ ಹೋಮ್‌ಸ್ಟೇಯವರ ಹತ್ತಿರ ಚೌಕಾಸಿ ಮಾಡಬಹುದು. ನಾಚಿಕೆ ಬೇಡ, ಎಲ್ಲರೂ ಮಾಡುತ್ತಾರೆ.

ದುಡ್ಡು ಸೋರುವುದು ಓಡಾಟದಲ್ಲಿ. ತೋಟಗಳು ಪೇಟೆಯಿಂದ ಹತ್ತು-ಇಪ್ಪತ್ತು ಕಿಲೋಮೀಟರ್ ಒಳಗಿರುತ್ತವೆ. "ಬಸ್ ಸ್ಟ್ಯಾಂಡಿಂದ ಕರ್ಕೊಂಡು ಹೋಗೋಕೆ ಎಷ್ಟು?" ಅಂತ ಈಗಲೇ ಕೇಳಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಓಡಾಟಕ್ಕೆಲ್ಲ ಸೇರಿ 2,000 ಬೇಕೇ ಬೇಕು. ಮಂಜರಾಬಾದ್ ಕೋಟೆಗೆ ಆಟೋ ಸಾಕು, ಮಂಗಳೂರು ರಸ್ತೆಯಲ್ಲೇ ಇದೆ. ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ ಕೋಟೆ. ಮೆಟ್ಟಿಲು ಜಾಸ್ತಿ, ಅತ್ತೆಯವರ ಮಂಡಿ ಕೇಳಿಕೊಂಡು ಹತ್ತಿಸಿ.

ಜನವರಿ ಅಂದಿರಿ, ಒಳ್ಳೆಯದಾಯಿತು. ಕೊಯ್ಲು ನಡೆಯುತ್ತಿರುತ್ತದೆ, ಕಣದ ತುಂಬ ಕಾಫಿ ಹರವಿರುತ್ತಾರೆ. ಕೇಳಿಕೊಂಡು ಒಂದು ಕೆಂಪು ಹಣ್ಣು ಕಿತ್ತು ಮಗಳ ಕೈಗೆ ಕೊಡಿ. ಹಿಸುಕಿದರೆ ಪುಳಕ್ ಅಂತ ಎರಡು ಬೀಜ ಹೊರಗೆ ಬರುತ್ತವೆ. ಅದರ ಮೇಲಿನ ಲೋಳೆ ಚೀಪಿದರೆ ಸಿಹಿ. ಕಾಫಿಯ ರುಚಿ ಚೂರೂ ಇರುವುದಿಲ್ಲ, ಮಕ್ಕಳಿಗೆ ಅದೇ ಆಶ್ಚರ್ಯ.

ಬೆಳಿಗ್ಗೆ ನಸುಕಿನಲ್ಲಿ, ಸಂಜೆ ಕತ್ತಲಾಗುವಾಗ ನೀವು ನೀವೇ ತೋಟದೊಳಗೆ ಹೋಗಬೇಡಿ. ಆನೆ ಕಾಟ ನಮ್ಮಲ್ಲಿ ತಮಾಷೆಯಲ್ಲ.

ಉತ್ತರ 2

ಹಾಸನದವನು ನಾನು. ಯಾರಾದರೂ "ರೈಲಲ್ಲಿ ಹೋಗಿ, ಘಾಟಿ ನೋಡಿದ ಹಾಗಾಗುತ್ತೆ" ಅಂದರೆ ನಂಬಬೇಡಿ. ಆ 57 ಸುರಂಗ ಇರುವುದು ಸಕಲೇಶಪುರ ದಾಟಿದ ಮೇಲೆ, ಸುಬ್ರಹ್ಮಣ್ಯ ರೋಡ್ ಕಡೆಗೆ. ನೀವು ಅಷ್ಟರಲ್ಲಿ ಇಳಿದಿರುತ್ತೀರಿ! ನಾನೂ ಹೀಗೇ ಒಂದು ಸಲ ಕಿಟಕಿ ಸೀಟಿಗೆ ಜಗಳ ಆಡಿ ಗದ್ದೆ, ತೆಂಗು ನೋಡಿಕೊಂಡು ಬಂದೆ.

ಕಾಫಿಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಅಂತ ಕೇಳಿ. ಪುಡಿ ಅಗ್ಗ ಅಂದರೆ ಚಿಕೋರಿ ಜಾಸ್ತಿ, ಅಷ್ಟೇ.

ಉತ್ತರ 1, ಮತ್ತೆ

ಹೌದು, ಪುಡಿ ಬಿಟ್ಟೇ ಹೋಗಿತ್ತು. ಅರ್ಧ ಕೆಜಿ ಸಾಕು, ಈಗ ರೇಟು ಏರಿದೆ. (ನಮಗೆ ಖುಷಿ, ನಿಮಗೆ ಕಷ್ಟ!) ಅದಕ್ಕೆ 600 ಅಂತಿಟ್ಟರೂ ಒಟ್ಟು 13,800. ಉಳಿದ 1,200 ಯಜಮಾನರಿಗೆ ತೋರಿಸಬೇಡಿ.

ಕೇಳಿದವರು

ತುಂಬಾ ಥ್ಯಾಂಕ್ಸ್. ಈಗಷ್ಟೇ ಹೋಮ್‌ಸ್ಟೇಗೆ ಫೋನ್ ಮಾಡಿದೆ. ಬುಧವಾರಕ್ಕೆ ತಲೆಗೆ 1,700ಕ್ಕೆ ಒಪ್ಪಿದರು, ಪಿಕಪ್‌ಗೆ 500. ಹಾಲನ್ನೂ ಕೇಳಿದೆ. ಆ ಕಡೆಯ ಅಮ್ಮ ನಕ್ಕುಬಿಟ್ಟರು. "ಮನೇಲಿ ಎರಡು ಹಸು ಇದಾವೆ, ಬನ್ನಿ ಬನ್ನಿ" ಅಂದರು.